ಚಂದ್ರನ ಮಗಳಿಗೆ ಬಳಿದ ಬಣ್ಣ

ಅಟ್ಟ ಗುಡಿಸಲು ಹತ್ತಿದ್ದ ನನ್ನ ಹೆಂಡತಿ ಮೇಲಿನಿಂದಲೇ ಚೀರಿದಳು. "ರೀ, ಇಲ್ಲೇನೋ ಸತ್ತು ಬಿದ್ದಿದೆ! ಹಳದಿ ಕೂದ್ಲಿದೆ!"

ಹಳದಿ ಕೂದಲಿನ ಪ್ರಾಣಿ ಯಾವುದಿರಬಹುದೆಂದು ನಾನು ಕೆಳಗೆ ನಿಂತು ಚಿಂತಿಸತೊಡಗಿದೆ. ಇದು ನನ್ನ ಸ್ವಭಾವ. ಬೇರೆಯವರಾಗಿದ್ದರೆ ಏಣಿ ಹತ್ತಿ ನೋಡುತ್ತಿದ್ದರು. ನಾನು ಅಷ್ಟು ಹೊತ್ತಿಗೆ, ಅದು ಮುಂಗುಸಿಯಾಗಿದ್ದರೆ ಅದರ ಜೋಡಿ ಎಲ್ಲಿ ಅಡಗಿರಬಹುದು, ಸತ್ತು ಎಷ್ಟು ಕಾಲವಾಗಿರಬಹುದು, ಅದರ ಪಕ್ಕದಲ್ಲೇ ಇಟ್ಟಿದ್ದ ರಾಗಿಯನ್ನು ನಾವು ಅಂದಿನಿಂದ ಬೀಸಿ ತಿನ್ನುತ್ತಿದ್ದೇವಲ್ಲ ಎಂಬಲ್ಲಿಗೆ ತಲುಪಿ ಹೊಟ್ಟೆ ಹಿಡಿದುಕೊಂಡಿರುತ್ತೇನೆ. ಅವಳು ಪೊರಕೆಯ ತುದಿಯಿಂದ ಅದನ್ನು ಕೆಳಕ್ಕೆ ತಳ್ಳಿದಳು. ನನ್ನ ಕಾಲ ಬಳಿ ಬಂದು ಬಿದ್ದದ್ದು ಚಂದ್ರನ ಮಗಳ ಕೂದಲು.

ಹಿಂದೊಮ್ಮೆ ಶಾಲೆಯ ನಾಟಕಕ್ಕೆಂದು ಮಾಡಿದ್ದ ಕತ್ತಾಳೆ ನಾರಿನ ಟೋಪನ್ನು. ಅರಿಸಿನದ ನೀರಿನಲ್ಲಿ ಕುದಿಸಿ ನಾನೇ ಬಣ್ಣ ಕಟ್ಟಿದ್ದು. ಕತ್ತಾಳೆಯನ್ನು ಸರಿಯಾಗಿ ಕೊಳೆಸಿ ತೊಳೆಯದಿದ್ದರೆ ನಾರು ಕಡಿಯುತ್ತದೆ ಎಂದು ಯಾರೋ ಹೇಳಿದ್ದರಿಂದ, ಮಗುವಿನ ತಲೆಗೆ ಇಡುವ ಮೊದಲು ಪರೀಕ್ಷೆಯಾಗಲಿ ಎಂದು ನನ್ನ ತಲೆಗೇ ಇಟ್ಟುಕೊಂಡು ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಮೊಣಕಾಲಿನವರೆಗೆ ಹಳದಿ ಕೂದಲು ಬಿಟ್ಟುಕೊಂಡು ಪರೀಕ್ಷೆಯ ಪೇಪರು ತಿದ್ದುತ್ತಿರುವಾಗ ಹೆಡ್ಮಾಸ್ಟರು ಒಳಗೆ ಬಂದರು. ನಿಂತರು. ನಾನೂ ಎದ್ದು ನಿಂತೆ. ಅವರು ತಮಿಳಿನಲ್ಲಿ "ಉಕ್ಕಾರುಂಗ, ಉಕ್ಕಾರುಂಗ" ಎಂದು ನನ್ನನ್ನು ಕೂರಿಸಿ, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಟುಹೋದರು. ಕಡಿತ ಎರಡು ದಿನ ಇತ್ತು. ಆ 'ಉಕ್ಕಾರುಂಗ' ಇನ್ನೂ ಇದೆ.

ಆ ಟೋಪನ್ನು ಅಟ್ಟದಿಂದ ಬಿದ್ದ ಗಳಿಗೆಯೇ ಸರಿಯಿರಲಿಲ್ಲ. ಅದೇ ವಾರ ನಮ್ಮ ಶಾಲೆಯ ಹೊಸ ಮೇಷ್ಟ್ರುಗಳು, ವಾರ್ಷಿಕೋತ್ಸವಕ್ಕೆ ಕನ್ನಡ ವಿಭಾಗದಿಂದ ಆ ಹಳೆಯ ನಾಟಕವೇ ಇನ್ನೊಮ್ಮೆ ಆಗಲಿ ಎಂದರು. ಈ ಎಂಬತ್ತರ ದಶಕದ ಹುಡುಗರು, ಪೇಪರು ಓದುವವರು. "ಬಣ್ಣ ನೋಡಿ ಪಾತ್ರ ಕೊಡೋ ಕಾಲ ಹೋಯ್ತು ಸಾರ್" ಎಂದು ನನ್ನ ಮುಖ ನೋಡಿಕೊಂಡೇ ಹೇಳಿದರು. ಕಾಲಕ್ಕಿಂತ ಹಿಂದೆ ಬಿದ್ದವನು ಎನಿಸಿಕೊಳ್ಳಬಾರದೆಂದು ನಾನು ಮರುದಿನವೇ ಎಂಟನೇ ತರಗತಿಯಲ್ಲಿ ನಾಟಕವನ್ನು ಓದಿ ಹೇಳಿ, ತರಗತಿಯಲ್ಲಿ ಎಲ್ಲರಿಗಿಂತ ಕಪ್ಪಗಿದ್ದ ಲಲಿತಳನ್ನು ಎಬ್ಬಿಸಿ, "ನೀನೇ ಚಂದ್ರನ ಮಗಳು" ಎಂದು ಘೋಷಿಸಿದೆ. ಚಪ್ಪಾಳೆ ಬೀಳಬಹುದೆಂದು ಸ್ವಲ್ಪ ಕಾದೆ ಕೂಡ.

"ನಾನ್ಯಾಕೆ ಸಾರ್?" ಎಂದಳು ಲಲಿತ.

"ನೀನು ಚೆನ್ನಾಗಿ ಮಾಡ್ತೀಯ ಅಂತ."

"ನಾನು ಯಾವತ್ತೂ ನಾಟ್ಕ ಮಾಡೇ ಇಲ್ವಲ್ಲ ಸಾರ್."

ನಾನು ಡಸ್ಟರು ತೆಗೆದುಕೊಂಡು ಬೋರ್ಡು ಒರೆಸಿದೆ. ಬೋರ್ಡಿನ ಮೇಲೆ ಏನೂ ಬರೆದಿರಲಿಲ್ಲ.

"ಕಪ್ಪಗಿದ್ದೀನಿ ಅಂತಾನಾ ಸಾರ್?"

ಈ ಕಾಲದ ಮಕ್ಕಳು! ನಾನು ಇಲ್ಲವೆನ್ನುವಷ್ಟರಲ್ಲಿ ಅವಳೇ ಮುಂದುವರಿಸಿದಳು. "ನಂಗೆ ಮಾಟಗಾತಿ ಪಾರ್ಟು ಕೊಡಿ ಸಾರ್. ಅವ್ಳು ಬಲೆ ಬೀಸ್ತಾಳೆ, ನಗ್ತಾಳೆ, ಹಾರ್ತಾಳೆ. ಈ ಚಂದ್ರನ ಮಗ್ಳು ಸುಮ್ಕೆ ಅಳ್ತಾ ಕುಂತಿರ್ತಾಳೆ."

"ನಿನಗೆ ಮಾಟಗಾತಿ ಕೊಟ್ಟರೆ ನೋಡಿದವರು ಏನಂತಾರಮ್ಮ?"

"ನೋಡಿದ್ಮೇಲೆ ಅಲ್ವಾ ಸಾರ್ ಅನ್ನೋದು?"

ಬಣ್ಣ ನೋಡಿ ಪಾತ್ರ ಕೊಡಬಾರದೆಂದು ಹೊರಟವನು ಬಣ್ಣ ನೋಡಿಯೇ ಒಂದು ಪಾತ್ರ ಕೊಟ್ಟಿದ್ದೆ, ಬಣ್ಣ ನೋಡಿಯೇ ಇನ್ನೊಂದನ್ನು ಕೊಡಲು ಹೆದರುತ್ತಿದ್ದೆ. ಕೊನೆಗೆ ಅವಳು ಕೇಳಿದ್ದನ್ನೇ ಕೊಟ್ಟೆ. ಅದರ ಚಿಂತೆ ಈಗ ಬೇರೆ ನಡೆದಿದೆ, ಇರಲಿ. ಅವಳು ಕೂತ ಮೇಲೆ ನನ್ನ ಮನಸ್ಸು ಮಾತ್ರ ಪಾಠಕ್ಕೆ ಬರದೆ, ಆ ನಾಟಕ ಮೊದಲ ಸಲ ಆಡಿದ ಸಂಜೆಗೆ ಹೋಗಿ ಕೂತುಬಿಟ್ಟಿತು.

ಎಪ್ಪತ್ತರ ದಶಕದ ನಡುವಿನ ಮಾತು. ಆಗ ತಮಿಳು ಸೀಮೆಯ ಗಡಿಯಲ್ಲಿರುವ ನಮ್ಮ ಹೊಸೂರಿಗೆ ವರ್ಷಕ್ಕೊಮ್ಮೆ ಸರ್ಕಾರದ ಸಿನಿಮಾ ವ್ಯಾನು ಬರುತ್ತಿತ್ತು. ಶಾಲೆಯ ಮೈದಾನದಲ್ಲಿ ಬಿಳಿ ಬಟ್ಟೆ ಕಟ್ಟಿ, ಮೊದಲು ಭತ್ತಕ್ಕೆ ಬರುವ ಹುಳದ ಮೇಲೆ ಒಂದು ಚಿತ್ರ, ಆಮೇಲೆ ಕುದಿಸಿ ಆರಿಸಿದ ನೀರಿನ ಮೇಲೆ ಒಂದು ಚಿತ್ರ ತೋರಿಸಿ, ಇಷ್ಟನ್ನೂ ಸಹಿಸಿಕೊಂಡ ಮಕ್ಕಳಿಗೆ ಬಹುಮಾನವೆಂಬಂತೆ ಕೊನೆಗೆ ಒಂದು ಬೊಂಬೆ ಸಿನಿಮಾ ಹಾಕುತ್ತಿದ್ದರು. ಕೈಯಿಂದ ಬರೆದ ಚಿತ್ರಗಳು ಓಡಾಡುವ ಸಿನಿಮಾ. ಯಾವುದೋ ಚಳಿ ದೇಶದ್ದು. ಅದರ ಭಾಷೆ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ, ವ್ಯಾನಿನವನಿಗೂ ಬರುತ್ತಿರಲಿಲ್ಲ. ಅವನು ಮೈಕು ಹಿಡಿದು ತನಗೆ ತೋಚಿದ ಕಥೆಯನ್ನು ತಮಿಳಿನಲ್ಲಿ ಹೇಳುತ್ತಿದ್ದ. ಅದು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಕನ್ನಡವಾಗಿ, ತೆಲುಗಾಗಿ ಹೋಗುತ್ತ ಹೋಗುತ್ತ ಬೆಳೆಯುತ್ತಿತ್ತು. ವ್ಯಾನಿನಲ್ಲಿ ಇದ್ದದ್ದು ಅದೊಂದೇ ಬೊಂಬೆ ರೀಲು. ಪ್ರತಿ ವರ್ಷವೂ ಅದೇ. ಆದ್ದರಿಂದ ಊರಿನ ಮಕ್ಕಳಿಗೆಲ್ಲ ಅದು ಮಗ್ಗಿಗಿಂತ ಚೆನ್ನಾಗಿ ಬಾಯಿಗೆ ಬರುತ್ತಿತ್ತು.

ಕಥೆ ಇಷ್ಟು. ಚಂದ್ರನ ಒಬ್ಬಳೇ ಮಗಳು ಆಕಾಶದ ತೂತಿನಿಂದ ಕೆಳಗೆ ಇಣುಕಲು ಹೋಗಿ ಜಾರಿ ಕಾಡಿಗೆ ಬೀಳುತ್ತಾಳೆ. ಕರಡಿಗಳು ಅವಳನ್ನು ಸಾಕುತ್ತವೆ. ಒಬ್ಬ ಮಾಟಗಾತಿಗೆ ಅವಳ ಚಿನ್ನದ ಕೂದಲಿನ ಮೇಲೆ ಕಣ್ಣು. ಅದರಿಂದ ಬಲೆ ನೇಯ್ದು ನಕ್ಷತ್ರ ಹಿಡಿಯುವ ಆಸೆ. ಹುಡುಗಿ ದಿನವೂ ಮೇಲೆ ನೋಡಿ "ಅಪ್ಪಾ!" ಎಂದು ಕೂಗುತ್ತಾಳೆ. ಕೊನೆಗೊಂದು ದಿನ ಚಂದ್ರನಿಗೆ ಕೇಳಿಸಿ, ಅವನು ಏಣಿ ಇಳಿಬಿಡುತ್ತಾನೆ. ನಕ್ಷತ್ರಗಳು ಬಂದು ಕೈ ಹಿಡಿದು ಅವಳನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತವೆ.

ಚಂದ್ರನ ಮಗಳು ಹಾಲಿನಷ್ಟು ಬಿಳುಪು. ಮಾಟಗಾತಿ ಇದ್ದಿಲಿನಷ್ಟು ಕಪ್ಪು. ಬಿಸಿಲಿನಲ್ಲಿ ಬೆಂದ ನಮ್ಮ ಊರಿನ ಮೈದಾನದಲ್ಲಿ ಕೂತು ನೋಡಿದ ಯಾರಿಗೂ ಇದರಲ್ಲಿ ವಿಶೇಷವೇನೂ ಕಾಣಿಸಿರಲಿಲ್ಲ. ನನಗಂತೂ ಕಾಣಿಸಿರಲಿಲ್ಲ. ನನ್ನ ಚಿಂತೆಯೆಲ್ಲ ವ್ಯಾನಿನ ವೈರಿಗೆ ಯಾರಾದರೂ ಎಡವಿ ಬೀಳುತ್ತಾರೇನೋ ಎಂಬುದಾಗಿತ್ತು.

ಆ ವರ್ಷ ವಾರ್ಷಿಕೋತ್ಸವದಲ್ಲಿ ಕನ್ನಡ ವಿಭಾಗಕ್ಕೆ ಒಂದೇ ಕಾರ್ಯಕ್ರಮ, ಅದೂ ಕೊನೆಯದು ಎಂದಾಯಿತು. ಕೊನೆಯವರೆಗೂ ಜನ ಎದ್ದುಹೋಗದಂತೆ ಮಾಡುವುದು ಏನಿರಬಹುದೆಂದು ಯೋಚಿಸಿ, ಆ ಬೊಂಬೆ ಸಿನಿಮಾವನ್ನೇ ಜೀವಂತ ಮಕ್ಕಳಿಂದ ಆಡಿಸುತ್ತೇನೆ ಎಂದೆ. ಹೇಳಿದ ಮರುಗಳಿಗೆಯಿಂದ ಊರಿನವರೆಲ್ಲ ಆ ನಾಟಕದ ವಾರಸುದಾರರಾದರು. ಸಂತೆಯಲ್ಲಿ ಬದನೆಕಾಯಿ ತೂಗುತ್ತಿದ್ದವನು ತಕ್ಕಡಿ ನಿಲ್ಲಿಸಿ, "ಮೇಷ್ಟ್ರೇ, ಕರಡಿ ಜೇನು ಕುಡ್ದು ಉರ್ಳೋದು ಬಿಟ್ಗಿಟ್ಟೀರಾ" ಎಂದು ಎಚ್ಚರಿಸಿದ. ಕ್ಷೌರಕ್ಕೆ ಕೂತರೆ ಕ್ಷೌರದವನು ಕತ್ತಿ ಕುತ್ತಿಗೆಯ ಮೇಲಿರುವಾಗಲೇ ಮಾಟಗಾತಿ ನಗುವುದು ಹೇಗೆಂದು ನನಗೆ ಕಲಿಸಿಕೊಟ್ಟ. ಬೊಂಬೆಯಲ್ಲಿ ಇದ್ದದ್ದು ಇದ್ದಂತೆಯೇ ಬರಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ನಾನು ಕತ್ತಾಳೆಗೆ ಅರಿಸಿನ ಕುದಿಸಿದ್ದು ಈ ಭಯದಿಂದಲೇ.

ಚಂದ್ರನ ಮಗಳು ಯಾರು ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ತೊರಪಲ್ಲಿ ಅಗ್ರಹಾರದಿಂದ ಬರುತ್ತಿದ್ದ ಪದ್ಮಿನಿ ಇದ್ದಳಲ್ಲ, ಕೆನೆಯಂಥ ಹುಡುಗಿ. ಆದರೆ ಆ ಪಾತ್ರಕ್ಕೆ ಬೇಕಾದದ್ದು ಒಂದು ಕೂಗು. ಮೈದಾನದ ಆ ಕೊನೆಯಲ್ಲಿ ಜವಾನನನ್ನು ನಿಲ್ಲಿಸಿ, ಕೇಳಿಸಿದರೆ ಕೈ ಎತ್ತು ಎಂದು ಹೇಳಿ ಪದ್ಮಿನಿಯಿಂದ "ಅಪ್ಪಾ" ಅನ್ನಿಸಿದೆ. ಜವಾನ ಬೀಡಿ ಹಚ್ಚಿಕೊಂಡ. ಇನ್ನೊಮ್ಮೆ ಅನ್ನಿಸಿದೆ. ಅವನು ನಮ್ಮ ಕಡೆಗೆ ಬೆನ್ನು ಮಾಡಿ ಕೂತ. ಆಗ ಸಾಲಿನ ಕೊನೆಯಲ್ಲಿದ್ದ ಯಶೋದ, "ನಾನು ಕೂಗ್ಲಾ ಸಾರ್?" ಎಂದಳು. ಕೂಗಿದಳು. ಜವಾನ ಬೀಡಿ ಬಿಸಾಡಿ ಎದ್ದು ನಿಂತ. ಅಷ್ಟೇ ಅಲ್ಲ, ಗೋಡೆಯಾಚೆ ರಸ್ತೆಯಲ್ಲಿ ಹೋಗುತ್ತಿದ್ದ ಡೆಂಕಣಿಕೋಟೆ ಬಸ್ಸು ನಿಂತು, ಕಂಡಕ್ಟರು ತಲೆ ಹೊರಗೆ ಹಾಕಿ ಯಾರು ಹತ್ತಬೇಕೆಂದು ಕೇಳಿದ.

ಯಶೋದ ಡೆಂಕಣಿಕೋಟೆಯ ಕಡೆ ಕಾಡಂಚಿನ ಹಳ್ಳಿಯವಳು. ಓದಿಗಾಗಿ ಶಾಲೆಗೆ ಹತ್ತಿರದ ಆಲಸನತ್ತಂನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಅವಳನ್ನು ಬೆಳೆಸಿದ್ದು ಅಜ್ಜಿ ವೆಂಕಟಮ್ಮ. ರಾಗಿ ತೆನೆಗಟ್ಟಿದಾಗ ಅಜ್ಜಿ ಮೊಮ್ಮಗಳು ಇಬ್ಬರೂ ಹೊಲದ ಅಟ್ಟಣೆಯ ಮೇಲೆ ಕೂತು ಆನೆ ಓಡಿಸುವವರು. ಆ ಗಂಟಲು ಬಂದದ್ದು ಅಲ್ಲಿಂದ. ಹುಡುಗಿಯ ಬಣ್ಣವೋ, ಎಣ್ಣೆ ಸವರಿದ ಕರಿಕಲ್ಲಿನದು.

ನಮ್ಮ ಡ್ರಾಯಿಂಗ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕಾಫಿ ಕುಡಿಯುತ್ತ, "ಏನ್ ಸಾರ್, ಚಂದ್ರನ ಮಗಳಾ, ಅಮಾವಾಸ್ಯೆ ಮಗಳಾ?" ಎಂದರು. ಎಲ್ಲರೂ ನಕ್ಕರು. ನಗದಿದ್ದರೆ ತಪ್ಪು ತಿಳಿದಾರೆಂದು ನಾನೂ ಅರ್ಧ ನಕ್ಕೆ. ನಕ್ಕರೆ ತಪ್ಪಾದೀತೆಂದು ಅರ್ಧಕ್ಕೇ ನಿಲ್ಲಿಸಿದೆ. ಹೆಡ್ಮಾಸ್ಟರು ತೀರ್ಪು ಕೊಟ್ಟರು. ಕೂಗು ಯಶೋದಳದು, ಬಿಳುಪು ಬಣ್ಣದವನದು. ಹೇಗೂ ನಾಟಕಕ್ಕೆ ಮುಖ ಬರೆಯಲು ಕೃಷ್ಣಗಿರಿಯಿಂದ ಬೀದಿ ನಾಟಕದ ಒಬ್ಬ ಬಣ್ಣದವನನ್ನು ಕರೆಸುವುದಿತ್ತು. ಪದ್ಮಿನಿಗೆ ಮಾಟಗಾತಿ ಪಾತ್ರ ಸಿಕ್ಕಿತು. ಅವಳಿಗೆ ದನಿ ಸಣ್ಣದಾದರೂ, ನಕ್ಕರೆ ಬಿಕ್ಕಳಿಕೆ ಸೇರಿಕೊಂಡು ಮೈ ಜುಮ್ಮೆನ್ನುತ್ತಿತ್ತು.

ಅಂದು ಸಂಜೆ ಯಶೋದ ನನ್ನ ಸೈಕಲ್ಲಿನ ಹಿಂದೆ ಹಿಂದೆಯೇ ನಡೆದು ಬಂದಳು.

"ಸಾರ್, ಬಿಳೀ ಬಣ್ಣ ಬಳೀತೀರಾ ನಂಗೆ?"

"ಸ್ವಲ್ಪ, ಹಾಗೆ ಸುಮ್ಮನೆ."

"ನಮ್ಮಜ್ಜಿ ಬತ್ತಾಳೆ ಸಾರ್. ರಾಗಿ ಕಾವ್ಲು ಬುಟ್ಟು ಬತ್ತಾಳೆ. ಊರೋರ್ನೂ ಕರ್ಕೊಂಡು ಬತ್ತಾಳೆ. ಅವ್ಳಿಗೆ ನನ್ನ ಗುರ್ತು ಸಿಕ್ಬೇಕು ಸಾರ್."

"ಸಿಗದೆ ಏನಮ್ಮ? ಹೆತ್ತಮ್ಮನಿಗಿಂತ ಹೆಚ್ಚಾಗಿ ಸಾಕಿದವಳು."

"ಸಿಗ್ದೆ ಹೋದ್ರೆ?"

ಚಿಂತೆ ಮಾಡುವುದರಲ್ಲಿ ನನಗೆ ಸರಿಸಾಟಿ ಊರಿನಲ್ಲಿ ಇಲ್ಲ ಎಂದುಕೊಂಡಿದ್ದೆ. ಈ ಹುಡುಗಿ ನನ್ನ ಪಟ್ಟಕ್ಕೇ ಕೈ ಹಾಕಿದಳು. ಅಂದಿನಿಂದ, ರಾಗಿ ಕಾವಲು ಬಿಟ್ಟು ಬರುವ ಆ ಮುದುಕಿ ನನ್ನ ನಿದ್ದೆಯಲ್ಲಿಯೂ ಬಂದು ಮೊದಲ ಸಾಲಿನಲ್ಲಿ ಕೂರತೊಡಗಿದಳು.

ವಾರ್ಷಿಕೋತ್ಸವದ ದಿನ ಮಧ್ಯಾಹ್ನವೇ ಬಣ್ಣದವನು ಬಂದ. ಎರಡು ಡಬ್ಬಿ ತೆರೆದು ಮುಂದಿಟ್ಟುಕೊಂಡು ಕೂತ. ಒಂದರಲ್ಲಿ ತೆಂಗಿನೆಣ್ಣೆಯಲ್ಲಿ ಕಲಸಿದ ಸಫೇದದ ಬಿಳಿ, ಇನ್ನೊಂದರಲ್ಲಿ ದೀಪದ ಮಸಿ. ನಾನು ಕಥೆ ಹೇಳತೊಡಗಿದೆ. ಅವನು ಕೈ ಅಡ್ಡ ಮಾಡಿದ. "ಕದೆ ವೇಂಡಾಂ ಸಾರ್. ನಲ್ಲವಂಗಳಾ, ಕೆಟ್ಟವಂಗಳಾ? ಅದು ಮಟ್ಟುಂ ಸೊಲ್ಲುಂಗ." ಕಥೆ ಬೇಡ, ಒಳ್ಳೆಯವರೋ ಕೆಟ್ಟವರೋ ಅಷ್ಟು ಹೇಳಿ ಸಾಕು ಎಂದ. ಅವನ ಕಸುಬಿನಲ್ಲಿ ಲೋಕ ಎರಡೇ ಡಬ್ಬಿಯದು. ಒಳ್ಳೆಯವರ ಸಾಲಿನಲ್ಲಿ ಯಶೋದ ಕೂತಳು, ಬಿಳಿ ಬಳಿದ. ಕೆಟ್ಟವರ ಸಾಲಿನಲ್ಲಿ ಪದ್ಮಿನಿ ಒಬ್ಬಳೇ, ಮಸಿ ಬಳಿದ. ಕಪ್ಪಗಿದ್ದವಳನ್ನು ಬಿಳಿ ಮಾಡಲು, ಬೆಳ್ಳಗಿದ್ದವಳನ್ನು ಕಪ್ಪು ಮಾಡಲು ಕೃಷ್ಣಗಿರಿಯಿಂದ ಒಬ್ಬನಿಗೆ ಬಸ್ ಚಾರ್ಜು ಕೊಟ್ಟು ಕರೆಸಿದವರು ನಾವೊಬ್ಬರೇ ಇರಬೇಕು. 'ಸ್ವಲ್ಪ ಸುಮ್ಮನೆ' ಎಂದು ನಾನು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಕಿವಿಗಳಿಗೂ ಬಳಿದ. ಯಶೋದ ಕನ್ನಡಿ ನೋಡಿಕೊಂಡು ಕನ್ನಡಿಯನ್ನು ಕವುಚಿ ಇಟ್ಟಳು.

"ಚೆನ್ನಾಗಿದೆಯಮ್ಮ" ಎಂದೆ.

"ಯಾರ್ದು ಸಾರ್ ಇದು?" ಎಂದಳು.

ಕತ್ತಲಾಗುವ ಹೊತ್ತಿಗೆ ನಾಟಕ ಶುರುವಾಯಿತು. ಜನ ಎದ್ದುಹೋಗಿರಲಿಲ್ಲ. ಮುಂದಿನ ಸಾಲಿನಲ್ಲಿ, ನಿದ್ದೆಯಲ್ಲಿ ಕಂಡಂತೆಯೇ, ವೆಂಕಟಮ್ಮ ಕೂತಿದ್ದಳು. ಸುತ್ತ ಅವಳ ಹಳ್ಳಿಯವರು. ಇಲ್ಲಿ ನನ್ನದೊಂದು ಜಾಣತನ ಹೇಳಬೇಕು. ಇಡೀ ನಾಟಕದಲ್ಲಿ ನಾನು ಸ್ವಂತವಾಗಿ ಸೇರಿಸಿದ್ದು ಒಂದೇ: ಬೊಂಬೆ ಸಿನಿಮಾದಲ್ಲಿ ಮೊದಲು ಚಂದ್ರನ ಮಗಳು ಬರುತ್ತಿದ್ದಳು, ನನ್ನ ನಾಟಕದಲ್ಲಿ ಮೊದಲು ಮಾಟಗಾತಿ ಬರುತ್ತಿದ್ದಳು. ಏನಾದರೂ ಒಂದು ನನ್ನದೂ ಇರಲಿ ಎಂಬ ಆಸೆ.

ಪರದೆ ಸರಿಯಿತು. ಮಸಿ ಬಳಿದುಕೊಂಡ ಪದ್ಮಿನಿ ಬಲೆ ಹೊತ್ತು ನಗುತ್ತ ಬಂದಳು.

"ಅಗೋ! ನಮ್ ಯಶೋದ!" ಎಂದು ವೆಂಕಟಮ್ಮ ಎದ್ದು ನಿಂತಳು. "ನೋಡ್ರಲಾ, ನಮ್ ಮಗಾನೇ! ಮೊದ್ಲು ಅವ್ಳೇ ಬಂದ್ಲು!" ಹಳ್ಳಿಯವರು ಶಿಳ್ಳೆ ಹಾಕಿದರು. ಆ ಬೆಳಕಿನಲ್ಲಿ, ವೇದಿಕೆಯ ಮೇಲೆ ಕಂಡ ಕಪ್ಪು ಮುಖ ಅದೊಂದೇ. ಅಜ್ಜಿ ಇನ್ನಾರನ್ನು ತನ್ನವಳೆಂದುಕೊಳ್ಳಬೇಕು?

ಮಾಟಗಾತಿ ತನ್ನ ಮಾತು ಹೇಳಿದಳು. ಚಂದ್ರನ ಮಗಳು ಸಿಕ್ಕರೆ ತಲೆ ಬೋಳಿಸುತ್ತೇನೆ ಎಂಬ ಮಾತು. ವೆಂಕಟಮ್ಮನ ಮುಖ ಇಳಿಯಿತು.

"ಏನ್ಲಾ ಇದು? ಚಂದ್ರನ ಮಗ್ಳು ಅಂತ ಹೇಳ್ಬುಟ್ಟು ಮಾಟಗಾತಿ ಮಾಡವ್ರಲ್ಲಾ!"

"ಕರ್ರಗವ್ಳೆ ಅಂತ ಕಣಜ್ಜಿ" ಎಂದ ಪಕ್ಕದವನು.

ಅವಳು ಬಂದ ರಭಸ ನೋಡಿ ಆನೆಗಳು ಯಾಕೆ ಓಡುತ್ತವೆಂದು ನನಗೆ ಅರ್ಥವಾಯಿತು. ವೇದಿಕೆ ಹತ್ತಿ ಮಾಟಗಾತಿಯ ರಟ್ಟೆ ಹಿಡಿದಳು. "ಬಾ ಮಗಾ, ಊರ್ಗೋಗಾನ. ಇವ್ರ ನಾಟ್ಕ ಇವ್ರೇ ಆಡ್ಕಳ್ಳಿ." ಸೆರಗು ತೆಗೆದು ಮುಖ ಒರೆಸಿದಳು. ಒರೆಸಿದ ಕಡೆಯಲ್ಲೆಲ್ಲ ಕೆನೆಯಂಥ ಪದ್ಮಿನಿ ಹೊರಬಂದಳು, ಬಿಕ್ಕುತ್ತ.

ವೆಂಕಟಮ್ಮ ಕೈ ಬಿಟ್ಟಳು. "ಅಯ್ಯೋ! ಯಾರ ಮಗ್ಳವ್ವ ನೀನು?"

"ತೊರಪಲ್ಲಿ, ಅಜ್ಜಿ" ಎಂದಳು ಪದ್ಮಿನಿ.

"ಮಲ್ಲಿಗೆ ಮೊಗ್ಗಿನಂಥ ಮಗೀಗೆ ಮಸಿ ಬಳ್ದವ್ರಲ್ಲ, ಇವ್ರ ಕೈ ಸೇದೋಗ! ಹಂಗಾರೆ ನನ್ ಮಗಾ ಎಲ್ಲಿ?"

ನಾನು ಕೈ ಮುಗಿದುಕೊಂಡು ಓಡಿ ಬಂದೆ. "ಇಲ್ಲೇ ಇದ್ದಾಳಮ್ಮ, ಹೆದರಬೇಡಿ" ಎಂದು ಹಿಂದಿನ ಪರದೆ ಎಳೆದೆ. ಹತ್ತಿಯ ಮೋಡಗಳ ನಡುವೆ ಬೆಂಚಿನ ಮೇಲೆ ಯಶೋದ ಕೂತಿದ್ದಳು, ಹಳದಿ ಕೂದಲು ಇಳಿಬಿಟ್ಟುಕೊಂಡು, ಕಿವಿಯವರೆಗೆ ಬೆಳ್ಳಗೆ. ವೆಂಕಟಮ್ಮ ಅವಳನ್ನು ನೋಡಿದಳು. ನೋಡಿ, ಅವಳ ಹಿಂದೆ ನೋಡಿದಳು. ಪಕ್ಕ ನೋಡಿದಳು.

"ಇದ್ಯಾರೋ ಬಿಳೀ ದೊರೆಗಳ ಮಗ್ಳು. ನನ್ ಮೊಮ್ಮಗ್ಳು ಎಲ್ಲಿ ಅಂದ್ರೆ ಇದನ್ನ ತೋರಿಸ್ತೀಯಲ್ಲ ಮೇಷ್ಟ್ರೇ! ಎಲ್ಲಿ ಬಚ್ಚಿಟ್ಟಿದ್ದೀಯ?"

ಹುಡುಗಿ ಬೆಂಚಿನಿಂದ ಎದ್ದು ನಿಂತಳು. ನಾನು ಎಷ್ಟೋ ರಾತ್ರಿ ಚಿಂತಿಸಿದ್ದೆ, ಪರದೆ ಹರಿದರೆ, ಕರೆಂಟು ಹೋದರೆ, ಕರಡಿಗೆ ವಾಂತಿಯಾದರೆ ಎಂದು. ಸಾಕಿದ ಅಜ್ಜಿ ಎದುರಿಗೇ ನಿಂತು ಮಗುವನ್ನು ಹುಡುಕುವುದನ್ನು ಚಿಂತಿಸುವಷ್ಟು ತಲೆ ನನಗಿರಲಿಲ್ಲ. ಅದನ್ನು ಮೊದಲೇ ಚಿಂತಿಸಿದ್ದವಳು ಆ ಹುಡುಗಿ ಒಬ್ಬಳೇ.

"ಅಜ್ಜೀ!"

ಜವಾನನನ್ನು ಎಬ್ಬಿಸಿದ, ಬಸ್ಸು ನಿಲ್ಲಿಸಿದ ಅದೇ ಕೂಗು. ವೆಂಕಟಮ್ಮ ಗಕ್ಕನೆ ನಿಂತಳು. ಹತ್ತಿರ ಹೋದಳು. ಹಳದಿ ಟೋಪನ್ನನ್ನು ಕಿತ್ತು ನನ್ನ ಕಡೆಗೆ ಎಸೆದಳು. ಕೆಳಗೆ ಎಣ್ಣೆ ಹಾಕಿ ಬಿಗಿದ ಎರಡು ಜಡೆ. ಬಣ್ಣದವನು ತೆಂಗಿನೆಣ್ಣೆ ಬಾಟಲಿ ತಂದು ಕೊಟ್ಟ. ಇಡೀ ಸಭೆಯ ಎದುರಿನಲ್ಲಿ ಮುದುಕಿ ವೇದಿಕೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಮೊಮ್ಮಗಳ ಮುಖ ತಿಕ್ಕಿದಳು. ಹಣೆ ಬಂತು, ಮೂಗು ಬಂತು, ಗಲ್ಲ ಬಂತು. ಕಿವಿಯ ಹಿಂದೆ ಮಾತ್ರ ಸ್ವಲ್ಪ ಬಿಳಿ ಉಳಿಯಿತು. "ಸುಣ್ಣ ಬಳ್ದ ಗೋಡೆ ಮಾಡ್ಬುಟ್ಟವ್ನೆ" ಎಂದು ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, "ಊಂ, ಈಗ ಆಡು" ಎಂದಳು.

ಅವಳು ಕೆಳಗಿಳಿಯಲಿಲ್ಲ. ಮತ್ತೆ ಬಣ್ಣ ಬಳಿದುಬಿಟ್ಟಾರೆಂದು ಕಾವಲಿಗೆ ಕೂತಂತೆ ವೇದಿಕೆಯ ಮೂಲೆಯಲ್ಲೇ ಕೂತಳು. ನಾಟಕ ಮುಂದುವರಿಯಿತು. ಅರ್ಧ ಮಸಿಯ ಮಾಟಗಾತಿ ಬಲೆ ಬೀಸಿದಳು, ಕರಡಿಗಳು ಉರುಳಿದವು, ಕಪ್ಪು ಚಂದ್ರನ ಮಗಳು ಮೇಲೆ ನೋಡಿ "ಅಪ್ಪಾ!" ಎಂದಾಗ ತಮಿಳರು, ತೆಲುಗರು, ಕನ್ನಡದವರು ಎಲ್ಲರೂ ತಲೆ ಎತ್ತಿ ಮೇಲೆ ನೋಡಿದರು. ನಾನು ಜನರ ಮುಖಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದೆ. ಬೊಂಬೆಯಲ್ಲಿ ಹೀಗಿಲ್ಲ ಎಂದು ಯಾರಾದರೂ ಎದ್ದಾರೆಯೇ ಎಂದು. ಯಾರೂ ಏಳಲಿಲ್ಲ.

ಕೊನೆಯ ದೃಶ್ಯ. ಏಣಿ ಬಂತು. ಬೆಳ್ಳಿ ಕಾಗದ ಸುತ್ತಿಕೊಂಡ ಇಬ್ಬರು ಹುಡುಗರು ನಕ್ಷತ್ರಗಳಾಗಿ ಇಳಿದು ಬಂದು, "ಬಾ, ನಿನ್ನ ಅಪ್ಪ ಕರೆಯುತ್ತಿದ್ದಾನೆ" ಎಂದು ಯಶೋದಳ ಕೈ ಹಿಡಿದರು. ಮೂಲೆಯಿಂದ ವೆಂಕಟಮ್ಮ ಎದ್ದಳು.

"ಬುಡ್ರಲಾ ಕೈಯ್ಯ."

ನಕ್ಷತ್ರಗಳು ಕೈ ಬಿಟ್ಟವು.

"ಗಂಟ್ಲು ಹರ್ಕೊಂಡು ಕೂಗ್ದಾಗ ಎಲ್ಲೋಗಿದ್ದ ನಿಮ್ಮಪ್ಪ? ಇಷ್ಟು ದಿನ ಹಿಟ್ಟು ಉಣ್ಣಿಸ್ದೋರು ಕರಡಿಗಳು. ಈಗ ಬೆಳೆದ ಮಗೀಗೆ ಏಣಿ ಹಾಕ್ತಾನಾ? ಕಳ್ಸಾಕಿಲ್ಲ, ಹೋಗ್ರಿ."

ನಕ್ಷತ್ರಗಳಿಗೆ ನಾನು ಇದಕ್ಕೆ ಉತ್ತರ ಬರೆದು ಕೊಟ್ಟಿರಲಿಲ್ಲ. ಅವು ನನ್ನನ್ನು ನೋಡಿದವು. ನಾನು ಹೆಡ್ಮಾಸ್ಟರನ್ನು ನೋಡಿದೆ. ಅವರು ಕುರ್ಚಿಯ ತುದಿಗೆ ಬಂದು, ಬಾಯಿ ತೆರೆದುಕೊಂಡು ವೇದಿಕೆಯನ್ನು ನೋಡುತ್ತಿದ್ದರು. ಯಶೋದ ಏಣಿಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಕಂಬಳಿ ಹೊದ್ದು ಬೆವರುತ್ತಿದ್ದ ಕರಡಿಗಳನ್ನು ನೋಡಿದಳು. ಆಮೇಲೆ ಮುಖ ಮೇಲೆತ್ತಿ, ಆ ಗಂಟಲಿನಲ್ಲೇ ಕೂಗಿ ಹೇಳಿದಳು.

"ಅಪ್ಪಾ! ನಾನು ಆಮೇಲೆ ಬತ್ತೀನಿ!"

ಅಜ್ಜಿಯ ಪಕ್ಕದಲ್ಲಿ ಹೋಗಿ ಕೂತುಬಿಟ್ಟಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಅದು ನಿಲ್ಲುವ ಹಾಗೆ ಕಾಣದ್ದರಿಂದ, ಬೆಳ್ಳಿ ಕಾಗದದ ಹುಡುಗರಿಬ್ಬರೂ ಬರಿಗೈಯಲ್ಲಿ ಏಣಿ ಹತ್ತಿ ಆಕಾಶಕ್ಕೆ ಹೊರಟುಹೋದರು.